ಬಿದಿರು, ಗರಿ ಮತ್ತು ಗಾಳದ ಕೋಲು

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಹುಬ್ಬಳ್ಳಿ ಸೀಮೆಯ ಹಳ್ಳಿಗಳಿಂದ ಕೊಲ್ಲಾರಿ ಕಟ್ಟಿದ ಚಕ್ಕಡಿಗಳು ಉಳವಿ ಜಾತ್ರೆಯ ಹಾದಿ ಹಿಡಿಯುತ್ತವೆ. ಹಳಿಯಾಳ ದಾಟಿ ದಾಂಡೇಲಿ ಸಮೀಪಿಸುವಷ್ಟರಲ್ಲಿ ಎರೆಹೊಲ ಮುಗಿದು ಕಾಡು ಶುರುವಾಗಿರುತ್ತದೆ. ಹಾದಿಯ ಎರಡೂ ಬದಿಗೆ ಬಿದಿರ ಮೆಳೆ, ನಸುಕಿನಲ್ಲಿ ಕಾಡುಕೋಳಿಯ ಕೂಗು, ಮುಂದೆ ಕಾಳಿ ನದಿ. ಈ ಬಿದಿರಿಗೂ ಈ ಕೋಳಿಯ ಗರಿಗೂ ಒಂದು ಕಾಲದಲ್ಲಿ ಸ್ಕಾಟ್ಲೆಂಡಿನ ಹೊಳೆದಂಡೆಯಿಂದ ಅಮೆರಿಕದ ಪೆನ್ಸಿಲ್ವೇನಿಯದವರೆಗೆ ಬೆಲೆಯಿತ್ತು. ಅಲ್ಲಿನವರು ಹುಡುಕುತ್ತಿದ್ದುದು ಗಾಳಕ್ಕೆ ಬೇಕಾದ ಸಾಮಾನು.

ಗಾಳ ಹಾಕುವುದು ಸಾಹೇಬರು ತಂದ ಷೋಕಿ ಎಂಬ ಮಾತು ಇಲ್ಲಿ ಚಾಲ್ತಿಯಲ್ಲಿದೆ. ಅದು ನಿಜವಲ್ಲ. 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಕಡಲಿನ ಮತ್ತು ಹೊಳೆಯ ಮೀನುಗಳ ಹೆಸರು, ಯಾವ ಜಾತಿಗೆ ಯಾವ ತೀನಿ, ಗಾಳ ಹಾಕುವ ಬಗೆ ಎಲ್ಲವನ್ನೂ ಅರಸ ಲಕ್ಷ್ಯಗೊಟ್ಟು ಬರೆದಿದ್ದಾನೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನದ ಓದುಗರಿಗೆ ಪರಿಚಯಿಸಿದರು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಲಕ್ಕುಂಡಿ, ಅಣ್ಣಿಗೇರಿಗಳ ಗುಡಿಗಳನ್ನು ನೋಡಿ ಚಾಲುಕ್ಯರನ್ನು ಕೊಂಡಾಡುವವರು ಈ ಅಧ್ಯಾಯವನ್ನೂ ಅದೇ ಅಭಿಮಾನದಿಂದ ನೆನೆಯಬೇಕು.

ಬ್ರಿಟಿಷರ ಕಾಲದಲ್ಲಿ ಹೆಸರು ಮಾಡಿದ ‘ದಿ ರಾಡ್ ಇನ್ ಇಂಡಿಯಾ’ ಕೂಡ ಕನ್ನಡ ನೆಲದ ಅನುಭವದಿಂದಲೇ ಹುಟ್ಟಿತು. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಪುಸ್ತಕ 1873ರಲ್ಲಿ ಮಂಗಳೂರಿನಿಂದ ಹೊರಬಂತು. ಥಾಮಸ್ ಬರಿಯ ಬೇಟೆಯ ಹುಚ್ಚಿನವನಲ್ಲ. ಹೊಳೆಗೆ ವಿಷ ಹಾಕಿ ಮರಿಮೀನುಗಳನ್ನು ಸಗಟಾಗಿ ಕೊಲ್ಲುವುದರ ವಿರುದ್ಧ ವರ್ಷಗಟ್ಟಲೆ ಬರೆದವನು. ಹೊಳೆಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು.

ಇನ್ನು ಕೋಲಿನ ಮಾತು. ಇಡೀ ಗಳವನ್ನೇ ಕೋಲು ಮಾಡಿಕೊಳ್ಳುವುದು ಎಲ್ಲ ನಾಡಿನಲ್ಲೂ ಇದ್ದದ್ದೇ. ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಕಟ್ಟುವ ಕೆಲಸ 1840ರ ದಶಕದಲ್ಲಿ ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್ ಕೈಯಲ್ಲಿ ಹದಗೊಂಡಿತು. ಬಂದೂಕು ತಯಾರಿಸುವುದು ಅವನ ಕಸುಬು, ಪಿಟೀಲನ್ನೂ ಮಾಡುತ್ತಿದ್ದ. ಮುಂದೆ 1870ರ ದಶಕದಲ್ಲಿ ಹಿರಾಂ ಲಿಯೊನಾರ್ಡ್ ಆರು ಸೀಳಿನ ಕೋಲನ್ನು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ತಂದ. ಅವರು ಬಳಸಿದ್ದು ‘ಕಲ್ಕತ್ತಾ ಬಿದಿರು’. ಹಡಗೇರಿದ ಬಂದರಿನ ಹೆಸರು ಸರಕಿಗೆ ಅಂಟಿಕೊಂಡಿತ್ತು. ಸಸ್ಯಶಾಸ್ತ್ರದ ಪ್ರಕಾರ ಅದು ಡೆಂಡ್ರೊಕೆಲಾಮಸ್ ಸ್ಟ್ರಿಕ್ಟಸ್, ಒಳಗೆ ಟೊಳ್ಳು ಕಡಿಮೆಯಿರುವ, ಲಾಠಿಗೆ ಹೇಳಿ ಮಾಡಿಸಿದ ಬಿದಿರು. ಕಲಘಟಗಿ, ಹಳಿಯಾಳ, ಮುಂಡಗೋಡದ ಎಲೆ ಉದುರುವ ಕಾಡುಗಳದ್ದೂ ಇದೇ ಜಾತಿ. ಆ ಕಾಲದ ಕೋಲುಗಳಲ್ಲಿ ಅಲ್ಲಲ್ಲಿ ಬೆಂಕಿಯಲ್ಲಿ ಸುಟ್ಟ ಕಂದು ಕಲೆಗಳಿರುತ್ತವೆ. ಹಳೆಯ ಕೋಲುಗಳನ್ನು ರಿಪೇರಿ ಮಾಡುವವರು ಇವತ್ತಿಗೂ ವಾರ್ನಿಷ್ ಕೆರೆದು, ರೇಷ್ಮೆ ದಾರದ ಸುತ್ತು ಬಿಚ್ಚುವಾಗ ಆ ಕಲೆ ಕಂಡರೆ ಇದು ಭಾರತದ ಬಿದಿರೆಂದು ಗುರುತಿಸುತ್ತಾರೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಚೀನಾದ ಗ್ವಾಂಗ್‌ಡಾಂಗಿನ ‘ಟಾಂಕಿನ್’ ಬಿದಿರು ಈ ಜಾಗಕ್ಕೆ ಬಂತು. 1950ರಲ್ಲಿ ಅಮೆರಿಕ ಚೀನಾದೊಂದಿಗೆ ವ್ಯಾಪಾರ ನಿಲ್ಲಿಸಿದ ಮೇಲೆ ಫೈಬರ್‌ಗ್ಲಾಸಿನ ಕೋಲುಗಳೇ ಅಂಗಡಿ ತುಂಬಿದವು.

ಗರಿಯ ಕತೆ ಇನ್ನೂ ಹತ್ತಿರದ್ದು. ಗಾಳದ ಕೊಕ್ಕೆಗೆ ಗರಿ, ಉಣ್ಣೆ, ದಾರ ಸುತ್ತಿ ಹುಳದಂತೆ ಕಾಣುವ ‘ಫ್ಲೈ’ ಕಟ್ಟುವುದು ಬಹಳ ನಾಜೂಕಿನ ಕೈಗೆಲಸ. ಸಾಲ್ಮನ್ ಮೀನಿಗೆಂದು ಕಟ್ಟುತ್ತಿದ್ದ ವಿಕ್ಟೋರಿಯಾ ಕಾಲದ ಫ್ಲೈಗಳಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನ ಹೆಸರಾಂತ ‘ಜಾಕ್ ಸ್ಕಾಟ್’ನಲ್ಲಿ, ರೆಕ್ಕೆಯ ಬದಿಗೆ ಬೇಕಾಗಿದ್ದುದು ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿ. ಕಪ್ಪು ಗರಿ, ಅಂಚು ಬೂದಿ. ತುದಿಯಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಕೆನೆಬಣ್ಣದ ಚುಕ್ಕೆ, ಅದನ್ನು ಬೆರಳಿನಿಂದ ಮುಟ್ಟಿದರೆ ಗರಿಯಂತಲ್ಲ, ಉಗುರಿನಂತೆ ಗಟ್ಟಿ. ಈ ಹಕ್ಕಿ ಇಂಡಿಯಾದ ಹೊರತು ಜಗತ್ತಿನ ಇನ್ನಾವ ಕಾಡಿನಲ್ಲೂ ಸಹಜವಾಗಿ ಇಲ್ಲ. ಪಶ್ಚಿಮ ಘಟ್ಟ ಅದರ ದೊಡ್ಡ ನೆಲೆ.

ಹೆಂಗಸರ ಟೋಪಿಗೂ ಗಾಳದ ಕೊಕ್ಕೆಗೂ ಹಕ್ಕಿಗಳ ಚರ್ಮ ಹಡಗುಗಟ್ಟಲೆ ಹೋಗುತ್ತಿದ್ದುದನ್ನು ತಡೆಯಲು ಭಾರತ ಸರ್ಕಾರ 1902ರಲ್ಲಿ ಕಾಡುಹಕ್ಕಿಗಳ ಗರಿ, ಚರ್ಮದ ರಫ್ತನ್ನು ನಿಷೇಧಿಸಿತು. ಕಳ್ಳಸಾಗಣೆ ಆಮೇಲೂ ನಿಲ್ಲಲಿಲ್ಲ. 1972ರ ವನ್ಯಜೀವಿ ಕಾಯ್ದೆ ಹಕ್ಕಿಯ ಬೇಟೆಯನ್ನೇ ಕಟ್ಟಿಹಾಕಿತು. ಈಗ ಫ್ಲೈ ಕಟ್ಟುವವರಿಗೆ ಸಿಗುವ ಗರಿ ಇಂಗ್ಲೆಂಡಿನಲ್ಲಿ ಸಾಕಿದ ಹಿಂಡುಗಳದ್ದು, ಅದಕ್ಕೆ ಕೊಡಬೇಕಾದ ಬೆಲೆಯೂ ಕಡಿಮೆಯಲ್ಲ.

ಬಿದಿರೂ ಇತ್ತು, ಗರಿಯೂ ಇತ್ತು. ಕೋಲು ಕಟ್ಟಬಲ್ಲ ಕೈಗಳೂ ಇದ್ದವು. ಗಾಳದ ಇತಿಹಾಸ ಬರೆದವರು ಈ ಕೈಗಳ ಕಡೆ ನೋಡಲೇ ಇಲ್ಲ. ಹುಬ್ಬಳ್ಳಿಯಲ್ಲಿ ಮೇದಾರ ಓಣಿಯೇ ಇದೆ. ಬುಟ್ಟಿ, ಮರ, ತಟ್ಟಿ, ತೊಟ್ಟಿಲು, ಏಣಿ ಈ ಸಮುದಾಯದ ಕಸುಬು, ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯ ಅವರ ಹಿರಿಯ. ಮೇದಾರ ಕಸುಬುದಾರ ಗಳದ ತಲೆಗೆ ಕತ್ತಿಯ ಏಟು ಹಾಕಿ, ಸೀಳಿನಲ್ಲಿ ಕತ್ತಿ ನಿಲ್ಲಿಸಿ, ಗೆಣ್ಣು ಬಂದಾಗ ಮಣಿಕಟ್ಟು ತಿರುಗಿಸುತ್ತಾನೆ. ಟಪ್ಪೆಂದು ಗೆಣ್ಣು ಬಿಡುತ್ತದೆ, ಸೀಳು ನೇರಕ್ಕೆ ಮುಂದೆ ಓಡುತ್ತದೆ. ಆಮೇಲೆ ಒಳಗಿನ ಮೆತ್ತನೆಯ ಭಾಗವನ್ನು ಹೆರೆದು ಬೇರೆ ಮಾಡಿ, ಹೊರಸಿಪ್ಪೆಗೆ ಅಂಟಿದ ನಾರನ್ನು ಗಟ್ಟಿ ಕೆಲಸಕ್ಕೆ ಉಳಿಸಿಕೊಳ್ಳುತ್ತಾನೆ. ಲಿಯೊನಾರ್ಡನ ಕಾರ್ಖಾನೆಯಲ್ಲೂ ನಡೆಯುತ್ತಿದ್ದುದು ಇದೇ. ಬಿದಿರಿನ ಶಕ್ತಿ ಸಿಪ್ಪೆಯ ಕೆಳಗಿನ ದಟ್ಟ ನಾರಿನಲ್ಲಿದೆ, ಆ ಪದರ ಹೊರಮೈಗೆ ಬರುವಂತೆ ಆರು ತ್ರಿಕೋನದ ಸೀಳುಗಳನ್ನು ಕೂಡಿಸಿದರೆ ಕೋಲು ಬಾಗುತ್ತದೆ, ಮುರಿಯುವುದಿಲ್ಲ. ಸೊಟ್ಟಗಾದ ಬಿದಿರನ್ನು ಬೆಂಕಿಗೆ ಹಿಡಿದು ನೇರ ಮಾಡುವ ಉಪಾಯವೂ ಇಬ್ಬರಿಗೂ ಒಂದೇ.

ಈ ಕೈಗಳಿಗೆ ಬಿದಿರೇ ಸಿಗದ ಕಾಲ ಸ್ವಾತಂತ್ರ್ಯದ ನಂತರ ಬಂತು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಸರ್ಕಾರ ಉತ್ತರ ಕನ್ನಡದ ಬಿದಿರನ್ನು ಪೇಟೆಯ ದರದ ಮುಂದೆ ಲೆಕ್ಕಕ್ಕೇ ಬಾರದ ಬೆಲೆಗೆ ಕೊಟ್ಟಿತು. ಬಿದಿರು ಖಾಲಿಯಾಗುತ್ತಿದೆ ಎಂದು ಬುಟ್ಟಿ ಹೆಣೆಯುವವರು ದೂರಿದ ಮೇಲೆ, 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಕಾಡಿಗೆ ಹೋಗಿ ಅಧ್ಯಯನ ಮಾಡಿದರು. ಮೆಳೆ ಚೊಕ್ಕವಾಗಿರಲಿ ಎಂದು ಬುಡದ ಮುಳ್ಳು ಸವರುವ ಪದ್ಧತಿಯೇ ಕೇಡಿನ ಮೂಲವೆಂದು ಅವರಿಗೆ ಕಂಡಿತು. ಮುಳ್ಳಿನ ಬೇಲಿ ಹೋದರೆ ಎಳೆಯ ಕಳಲೆಯನ್ನು ದನ, ಕಾಡುಪ್ರಾಣಿಗಳು ಮೇಯುತ್ತವೆ, ಹೊಸ ಗಳ ಏಳುವುದೇ ಇಲ್ಲ. ಆ ಮುಳ್ಳನ್ನು ಹಾಗೇ ಬಿಡಬೇಕೆಂಬುದು ಕಾಡಂಚಿನ ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಹತ್ತಿರದ ಬಿದಿರು ತೀರುತ್ತ ಬಂದಂತೆ ಮಿಲ್ಲು ದೂರದ ರಾಜ್ಯಗಳ ಬಿದಿರಿಗೆ ಕೈಚಾಚಿತು. ಓಣಿಯ ಕಸುಬುದಾರನಿಗೆ ಆ ಅನುಕೂಲವೂ ಇರಲಿಲ್ಲ.

2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಮರದ ಪಟ್ಟಿಯಿಂದ ಬಿದಿರಿನ ಹೆಸರನ್ನು ತೆಗೆಯಲಾಯಿತು. ಅರಣ್ಯದ ಹೊರಗಿನ ಜಮೀನಿನಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸಲು ಆ ಕಾಯ್ದೆಯ ಕಟ್ಟುಪಾಡು ಈಗಿಲ್ಲ. ಕಲಘಟಗಿಯ ರೈತನೊಬ್ಬ ಬದುವಿನಲ್ಲಿ ನೆಟ್ಟ ಬಿದಿರನ್ನು ನೇರವಾಗಿ ಮೇದಾರ ಓಣಿಗೆ ತಂದು ಮಾರಲು ಆ ಕಾಯ್ದೆ ಈಗ ಅಡ್ಡಿಯಲ್ಲ.