ಅಳತೆಯಿಂದ ಆರೈಕೆಗೆ: ಪ್ರತಿಭಾನ್ವಿತ ಮಗುವಿನ ಅಧ್ಯಯನ ನಡೆದುಬಂದ ದಾರಿ

ಪಾಠದಲ್ಲಿ ಹಿಂದುಳಿದ ಹುಡುಗನ ಕಷ್ಟವು ಉಪಾಧ್ಯಾಯರ ಕಣ್ಣಿಗೆ ಬೀಳುವಷ್ಟು ಬೇಗನೆ, ಪಾಠವನ್ನು ಮೀರಿ ಮುಂದೆ ಹೋದ ಹುಡುಗನ ಕಷ್ಟವು ಬೀಳುವುದಿಲ್ಲ. ಕೊಟ್ಟ ಲೆಕ್ಕವನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಅವಧಿಯನ್ನೆಲ್ಲ ಕಿಟಕಿಯಾಚೆಗೆ ನೋಡುತ್ತ ಕಳೆಯುವ ಮಗುವಿಗೆ ಇರತಕ್ಕ ಕೊರತೆಯಾದರೂ ಏನೆಂದು ಯಾರೂ ವಿಚಾರಿಸುವುದಿಲ್ಲ. ಹಾಗೆ ವಿಚಾರಿಸುವುದನ್ನೇ ತನ್ನ ಕರ್ತವ್ಯವೆಂದು ಬಗೆದ ಒಂದು ಶಾಸ್ತ್ರಶಾಖೆಯು ಶೈಕ್ಷಣಿಕ ಮನೋವಿಜ್ಞಾನದ ಮಡಿಲಲ್ಲಿ ಹುಟ್ಟಿ, ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ಪದವಿಗೂ ಡಾಕ್ಟರೇಟಿಗೂ ಯೋಗ್ಯವಾದ ವಿಷಯವಾಗಿ ಬೆಳೆದದ್ದು ಕಳೆದ ಒಂದು ಶತಮಾನದ ಕಥೆ. ಆ ಶಾಖೆಯು ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಹುಟ್ಟಿತು. ಅದರ ಬಲವೂ, ಬಹುಕಾಲ ಅದನ್ನು ಕವಿದಿದ್ದ ಕುರುಡೂ ಆ ಅಳತೆಗೋಲೇ ಎಂಬುದು ನನ್ನ ಎಣಿಕೆ.

1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪ್ರಖ್ಯಾತ ಪುರುಷರ ವಂಶಾವಳಿಗಳನ್ನು ಕೂಡಿಹಾಕಿ ಪ್ರತಿಭೆಯು ರಕ್ತದಲ್ಲಿ ಹರಿದುಬರುವುದೆಂದು ಸಾಧಿಸಹೊರಟನು. ಬಡವರ ಮನೆಯಲ್ಲಿ ಹುಟ್ಟಿ ಅಕ್ಷರದ ಗಂಧವಿಲ್ಲದೆ ಮಣ್ಣಾದವರ ವಂಶಾವಳಿಯನ್ನು ಬರೆದಿಟ್ಟವರು ಯಾರೂ ಇರಲಿಲ್ಲವೆಂಬ ಸಂಗತಿಯು ಅವನ ವಾದವನ್ನು ಬಾಧಿಸಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಡ್ವರ್ಡ್ ಥಾರ್ನ್‌ಡೈಕರು ಶೈಕ್ಷಣಿಕ ಮನೋವಿಜ್ಞಾನವೆಂಬ ಹೆಸರಿನಲ್ಲೇ ಗ್ರಂಥವನ್ನು ಬರೆದು, ಬೋಧನೆಯ ಕಲೆಯನ್ನು ಪ್ರಯೋಗ ಮತ್ತು ಅಂಕಿಗಳ ತಳಹದಿಯ ಮೇಲೆ ನಿಲ್ಲಿಸಲು ಯತ್ನಿಸಿದರು. ಎರಡು ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನರು ತಮ್ಮ ಬುದ್ಧಿಮಾಪನಶ್ರೇಣಿಯನ್ನು ಹೊರತಂದರು. ಸಾಮಾನ್ಯ ತರಗತಿಯಲ್ಲಿ ಕಲಿಯಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದೊಂದೇ ಆ ಶ್ರೇಣಿಯ ಮೂಲೋದ್ದೇಶವಾಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ಮಾನಸಿಕ ವಯಸ್ಸನ್ನು ಹುಟ್ಟಿದ ವಯಸ್ಸಿನಿಂದ ಭಾಗಿಸುವ ಸೂತ್ರವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದರು. ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧವೆಂದು ಜನಜನಿತವಾಗಿಸಿದವರು, 1916ರಲ್ಲಿ ಬಿನೆಯ ಶ್ರೇಣಿಯನ್ನು ಪರಿಷ್ಕರಿಸಿದ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್.

ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ತಮ್ಮ ಡಾಕ್ಟರೇಟಿಗಾಗಿ ಏಳು ಮಂದಿ ಚುರುಕು ಹುಡುಗರನ್ನೂ ಏಳು ಮಂದಿ ಮಂದ ಹುಡುಗರನ್ನೂ ಹೋಲಿಸಿ ನೋಡಿದ್ದ ಟರ್ಮನ್, 1921ರಲ್ಲಿ ಆರಂಭಿಸಿದ ಮಹಾಸಂಶೋಧನೆಯಲ್ಲಿ ಕ್ಯಾಲಿಫೋರ್ನಿಯದ 1528 ಮಕ್ಕಳನ್ನು ಆರಿಸಿಕೊಂಡು ಅವರನ್ನು ಆಯುಷ್ಯವಿಡೀ ಹಿಂಬಾಲಿಸುವ ಸಂಕಲ್ಪ ಮಾಡಿದರು. ಬುದ್ಧಿವಂತ ಮಗುವೆಂದರೆ ಸೊರಗಿದ ದೇಹದ, ಸೋಡಾಬುಡ್ಡಿ ಕನ್ನಡಕದ ವಿಲಕ್ಷಣ ಪ್ರಾಣಿಯೆಂಬ ಲೋಕರೂಢಿಯನ್ನು ಆ ಸಂಶೋಧನೆಯು ಅಳಿಸಿಹಾಕಿದ್ದು ಸಾಮಾನ್ಯವಾದ ಉಪಕಾರವಲ್ಲ. ತರಗತಿಯ ಅತ್ಯಂತ ಬುದ್ಧಿಶಾಲಿಯನ್ನು ಕಂಡುಹಿಡಿಯಬೇಕಾದರೆ ಉಪಾಧ್ಯಾಯರ ಅಭಿಪ್ರಾಯಕ್ಕಿಂತ, ಹಾಜರಿ ಪುಸ್ತಕವನ್ನು ನೋಡಿ ಎಲ್ಲರಿಗಿಂತ ಕಿರಿಯ ಮಗುವನ್ನು ಆರಿಸುವುದೇ ಮೇಲೆಂಬ ಅವರ ನಿಷ್ಕರ್ಷೆಯು ಇಂದಿಗೂ ನಮ್ಮಂಥ ಉಪಾಧ್ಯಾಯವರ್ಗವನ್ನು ನಾಚಿಸತಕ್ಕದ್ದು. ಆದರೆ ಪರೀಕ್ಷೆಗೆ ಕುಳಿತೂ ಆಯ್ಕೆಯಾಗದೆ ಹೊರಗುಳಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆಯ್ಕೆಯಾದ ಸಾವಿರದೈನೂರು ಮಂದಿಯಲ್ಲಿ ಅದನ್ನು ಪಡೆದವರು ಒಬ್ಬರೂ ಇಲ್ಲ. ಅದಕ್ಕಿಂತ ಘೋರವಾದ ದೋಷವೆಂದರೆ, ಮೆಕ್ಸಿಕನ್ ಮತ್ತು ಕಪ್ಪುವರ್ಣೀಯ ಮಕ್ಕಳ ಕಡಿಮೆ ಅಂಕಗಳನ್ನು ಜನಾಂಗದ ಜನ್ಮಜಾತ ನ್ಯೂನತೆಯೆಂದು ಟರ್ಮನ್ 1916ರಲ್ಲಿಯೇ ಬರೆದದ್ದು. ಅಳತೆಗೋಲು ಅಳೆದದ್ದು ಮಗುವನ್ನೋ, ಮಗುವಿಗೆ ದೊರೆತ ಶಾಲೆಯನ್ನೋ ಎಂಬ ವಿವೇಚನೆಯು ಅಷ್ಟು ದೊಡ್ಡ ವಿದ್ವಾಂಸರಲ್ಲಿಯೂ ಉದಿಸಲಿಲ್ಲ.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಲೀಟಾ ಹಾಲಿಂಗ್‌ವರ್ತ್ ಎಂಬ ಮಹಿಳೆಯ ಬಳಿ. 1886ರಲ್ಲಿ ನೆಬ್ರಾಸ್ಕದ ಬಯಲುಸೀಮೆಯಲ್ಲಿ ಹುಟ್ಟಿ, ವಿವಾಹವಾಗಿ ನ್ಯೂಯಾರ್ಕಿಗೆ ಬಂದ ಆಕೆ, ವಿವಾಹಿತ ಸ್ತ್ರೀಯರಿಗೆ ಉಪಾಧ್ಯಾಯ ವೃತ್ತಿಯನ್ನು ಕೊಡಕೂಡದೆಂಬ ಅಲ್ಲಿನ ನಿಯಮದಿಂದ ಮನೆಯಲ್ಲೇ ಕುಳಿತಿರಬೇಕಾಯಿತು. ಆ ಕಹಿಯನ್ನು ನುಂಗಿಕೊಂಡು ಆಕೆ ಟೀಚರ್ಸ್ ಕಾಲೇಜನ್ನು ಸೇರಿದರು. ಬುದ್ಧಿಯ ವೈವಿಧ್ಯವು ಗಂಡಸರಲ್ಲಿ ಅಧಿಕ, ಆದುದರಿಂದ ಮಹಾಪ್ರತಿಭೆಯು ಹೆಂಗಸರಲ್ಲಿ ಅಪರೂಪವೆಂಬ ಮತವನ್ನು ಆಕೆಯ ಗುರುಗಳಾದ ಥಾರ್ನ್‌ಡೈಕರೇ ಎತ್ತಿಹಿಡಿದಿದ್ದರು. ಶಿಷ್ಯೆಯಾದರೋ ಒಂದು ಸಾವಿರ ಗಂಡು ಶಿಶುಗಳನ್ನೂ ಒಂದು ಸಾವಿರ ಹೆಣ್ಣು ಶಿಶುಗಳನ್ನೂ ಹುಟ್ಟಿದಾಗಿನ ಅಳತೆಗಳಿಂದ ಹೋಲಿಸಿ ಆ ಮತಕ್ಕೆ ಆಧಾರವಿಲ್ಲವೆಂದು 1914ರಲ್ಲಿ ಪ್ರಕಟಿಸಿದರು, ಮತ್ತು 1916ರಲ್ಲಿ ಅದೇ ಗುರುಗಳ ಬಳಿ ಡಾಕ್ಟರೇಟ್ ಪಡೆದರು. ಸ್ನಾತಕೋತ್ತರ ಅಧ್ಯಯನವೆಂಬುದಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನವನ್ನು ನಾನರಿಯೆ. ಶಿಷ್ಯೆಯ ಧೈರ್ಯ ಎಷ್ಟು ದೊಡ್ಡದೋ ಅದನ್ನು ಸಹಿಸಿದ ಗುರುವಿನ ಔದಾರ್ಯವೂ ಅಷ್ಟೇ ದೊಡ್ಡದು.

ಹಾಲಿಂಗ್‌ವರ್ತರು ಟರ್ಮನ್ನರಂತೆ ಮಕ್ಕಳನ್ನು ದೂರದಿಂದ ಎಣಿಸಿದವರಲ್ಲ. 1922ರಲ್ಲಿ ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಯಲ್ಲಿ ಎರಡು ವಿಶೇಷ ತರಗತಿಗಳನ್ನು ತೆರೆದು, ಆ ಮಕ್ಕಳೊಡನೆ ದಿನದಿನವೂ ಬೆರೆತು, ಅವರ ಏಕಾಂತವನ್ನೂ, ಸಮವಯಸ್ಕರ ಆಟದಲ್ಲಿ ಸೇರಲಾರದ ಸಂಕಟವನ್ನೂ, ಸಾವು ಬದುಕುಗಳ ಪ್ರಶ್ನೆಗಳು ಆ ಎಳೆಯ ಮನಸ್ಸುಗಳನ್ನು ಅಕಾಲದಲ್ಲಿ ಕಾಡುವ ಬಗೆಯನ್ನೂ ಕಣ್ಣಾರೆ ಕಂಡು ಬರೆದರು. ಬುದ್ಧಿಲಬ್ಧ 140 ಉಳ್ಳ ಮಗುವಿಗೆ ಸಾಮಾನ್ಯ ಶಾಲೆಯಲ್ಲಿ ಅರ್ಧ ಕಾಲವೂ, 170ನ್ನು ಮೀರಿದ ಮಗುವಿಗೆ ಬಹುಮಟ್ಟಿಗೆ ಸಮಸ್ತ ಕಾಲವೂ ವ್ಯರ್ಥವಾಗುತ್ತದೆಂದು ಅವರು ಲೆಕ್ಕ ಹಾಕಿದರು. 1936ರಲ್ಲಿ ಅದೇ ನಗರದ ಸ್ಪೈಯರ್ ಶಾಲೆಯ ಪ್ರಯೋಗವನ್ನು ಕೈಗೊಂಡಾಗ ಮಕ್ಕಳನ್ನು ಮೇಲಿನ ತರಗತಿಗೆ ನೂಕುವುದರ ಬದಲು, ಮನುಷ್ಯನ ಅನ್ನ, ಬಟ್ಟೆ, ಮನೆ, ದೀಪ, ಸಾರಿಗೆ ಮೊದಲಾದವು ಹುಟ್ಟಿ ಬೆಳೆದ ಬಗೆಯನ್ನು ಮಕ್ಕಳೇ ಹುಡುಕಿ ಅರಿಯುವಂತೆ 'ಸಾಮಾನ್ಯ ವಸ್ತುಗಳ ವಿಕಾಸ'ವೆಂಬ ಪಾಠಕ್ರಮವನ್ನು ರಚಿಸಿದರು. ಮೂರು ವರ್ಷಗಳಲ್ಲಿ, 1939ರಲ್ಲಿ, ಅವರು ತೀರಿಕೊಂಡರು.

ಮುಂದಿನ ಕಥೆ ವೇಗವಾಗಿ ಸಾಗುತ್ತದೆ. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಫರ್ಡ್, ಸೃಜನಶೀಲತೆಯನ್ನು ಮನಶ್ಶಾಸ್ತ್ರಜ್ಞರು ಉಪೇಕ್ಷಿಸಿದ್ದಾರೆಂದು ಅಲ್ಲಿನ ಮನಶ್ಶಾಸ್ತ್ರ ಸಂಘದ ಅಧ್ಯಕ್ಷಭಾಷಣದಲ್ಲಿ ಎಚ್ಚರಿಸಿದರು. ಅಮೆರಿಕದವರೇ ಆದ ಟಾರೆನ್ಸ್ ಸೃಜನಶೀಲತೆಯನ್ನು ಅಳೆಯುವುದಕ್ಕೂ ಪರೀಕ್ಷೆಗಳನ್ನು ರಚಿಸಿದರು. 1957ರ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದೊಡನೆ ಅಮೆರಿಕದ ಸರ್ಕಾರವು ಬೆಚ್ಚಿ, ಮರುವರ್ಷವೇ ರಾಷ್ಟ್ರರಕ್ಷಣಾ ಶಿಕ್ಷಣ ಶಾಸನವನ್ನು ಮಾಡಿ ವಿಜ್ಞಾನ ಗಣಿತಗಳಿಗೆ ಹಣ ಸುರಿಯಿತು. ಮಗುವಿನ ಹಿತಕ್ಕಾಗಿ ಬಾರದ ಹಣವು ರಕ್ಷಣೆಯ ಭೀತಿಯಿಂದ ಬಂದಿತೆಂಬುದು ಖೇದದ ವಿಷಯ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1971ರಲ್ಲಿ ಜೂಲಿಯನ್ ಸ್ಟ್ಯಾನ್ಲಿ, ಕಾಲೇಜು ಪ್ರವೇಶಕ್ಕಾಗಿ ಇರುವ ಗಣಿತಪರೀಕ್ಷೆಯನ್ನೇ ಹನ್ನೆರಡು ಹದಿಮೂರರ ಮಕ್ಕಳಿಗೆ ಕೊಡುವ ಪದ್ಧತಿಯನ್ನು ಆರಂಭಿಸಿದರು. 1978ರಲ್ಲಿ ಕನೆಕ್ಟಿಕಟ್‌ನ ಜೋಸೆಫ್ ರೆನ್ಜುಲಿ, ಸಾಮಾನ್ಯಕ್ಕಿಂತ ಮಿಗಿಲಾದ ಶಕ್ತಿ, ಹಿಡಿದ ಕೆಲಸದಲ್ಲಿ ನಿಷ್ಠೆ, ಸೃಜನಶೀಲತೆ ಎಂಬ ಮೂರು ವೃತ್ತಗಳು ಕೂಡುವೆಡೆಯಲ್ಲಿ ಪ್ರತಿಭೆಯು ಕಾಣಿಸಿಕೊಳ್ಳುವುದೆಂದು ಪ್ರತಿಪಾದಿಸಿದರು. ಅಂದರೆ ಪ್ರತಿಭೆಯು ಯಾರೋ ಕೆಲವರ ನಿತ್ಯಾಸ್ತಿಯಲ್ಲ, ತಕ್ಕ ಸಂದರ್ಭದಲ್ಲಿ ಹೊಮ್ಮುವ ನಡವಳಿಕೆ. ಅವರ ವಿಶ್ವವಿದ್ಯಾನಿಲಯದಲ್ಲಿ ವೃತ್ತಿನಿರತ ಉಪಾಧ್ಯಾಯರು ಮೂರು ಬೇಸಗೆಗಳ ರಜಾಕಾಲದಲ್ಲಿ ಕಲಿತು ಸ್ನಾತಕೋತ್ತರ ಪದವಿಯನ್ನು ಪಡೆಯಬಹುದಾದ ಏರ್ಪಾಡು ಬೆಳೆಯಿತು. ಸಂಶೋಧನೆಯು ತರಗತಿಗೆ ಮರಳಿ ಬರುವ ಇಂಥ ದಾರಿಯು ಹತ್ತು ಮಹಾಪ್ರಬಂಧಗಳಿಗಿಂತ ಮೇಲೆಂದು ನಾನು ಭಾವಿಸುತ್ತೇನೆ.

ನಮ್ಮ ಕಡೆಗೆ ತಿರುಗಿದರೆ, ಈ ಶಾಸ್ತ್ರವು ಕನ್ನಡನಾಡಿಗೆ ತಡವಾಗಿ ಬಂದದ್ದೇನೂ ಅಲ್ಲ. ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1924ರಲ್ಲಿ, ಲಂಡನ್ನಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಶಿಷ್ಯರಾದ ಎಂ. ವಿ. ಗೋಪಾಲಸ್ವಾಮಿಯವರಿಂದ ಅಲ್ಲಿನ ಮನಶ್ಶಾಸ್ತ್ರ ವಿಭಾಗವು ಮೊದಲಾಯಿತು. ಇವರೇ 1935ರಲ್ಲಿ ಸ್ವಂತ ಮನೆಯಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ಹೂಡಿದವರು. ಕುತೂಹಲವು ಯಾವ ಪರೀಕ್ಷೆಯ ಚೌಕಟ್ಟಿಗೂ ಒಳಪಡದೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಇತ್ತ ಮುಂಬಯಿ-ಕರ್ನಾಟಕ ಪ್ರಾಂತದಲ್ಲಿ ವಿ. ವಿ. ಕಾಮತರು ಬಿನೆಯ ಶ್ರೇಣಿಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿ 1934ರಲ್ಲಿ ಅದರ ವರದಿಯನ್ನೂ, 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಅದು, ಪ್ಯಾರಿಸ್ಸಿನ ಮೂಲದಂತೆಯೇ, ಬುದ್ಧಿಯ ಕೊರತೆಯನ್ನು ನಿರ್ಣಯಿಸುವುದಕ್ಕೆ ವಿನಿಯೋಗವಾದಷ್ಟು ಬುದ್ಧಿಯ ಅತಿಶಯವನ್ನು ಕಾಣುವುದಕ್ಕೆ ವಿನಿಯೋಗವಾಗಲಿಲ್ಲ.

ಸ್ವಾತಂತ್ರ್ಯಾನಂತರ 1962ರಲ್ಲಿ ಪುಣೆಯ ಜ್ಞಾನಪ್ರಬೋಧಿನಿ ಸಂಸ್ಥೆ, 1963ರಲ್ಲಿ ವಿಜ್ಞಾನ ಪ್ರತಿಭಾನ್ವೇಷಣೆಯ ಯೋಜನೆ, 1986ರ ಶಿಕ್ಷಣನೀತಿಯೊಡನೆ ಹಳ್ಳಿಯ ಮಕ್ಕಳಿಗಾಗಿ ನವೋದಯ ವಿದ್ಯಾಲಯಗಳು ಬಂದವು. ಆದರೆ ಪ್ರತಿಭಾನ್ವೇಷಣೆಯೆಂಬುದು ಬಹುಪಾಲು ಪರೀಕ್ಷೆ ನಡೆಸಿ ವಿದ್ಯಾರ್ಥಿವೇತನ ಕೊಡುವಲ್ಲಿಗೆ ನಿಂತಿತು. ಈ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು, ಉಪಾಧ್ಯಾಯರ ಅವಲೋಕನವನ್ನೇ ಆಧಾರವಾಗಿಟ್ಟುಕೊಂಡು ಪ್ರತಿಭಾನ್ವಿತ ಮಕ್ಕಳನ್ನು ಗುರುತಿಸುವ ಕಾರ್ಯಕ್ಕೆ ಕೈಹಾಕಿತು. 2020ರ ಶಿಕ್ಷಣನೀತಿಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಬಿ.ಎಡ್. ಪದವಿಯಲ್ಲಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವನ್ನಾಗಿ ಕಲಿಸಬಹುದೆಂದು ಸೂಚಿಸಿದೆ.

ಆ ವಿಶೇಷ ವಿಷಯಕ್ಕೆ ಪಠ್ಯವನ್ನು ಸಿದ್ಧಪಡಿಸುವವರು ಗಾಲ್ಟನ್ನನಿಂದ ತೊಡಗದೆ ಸ್ಪೈಯರ್ ಶಾಲೆಯಿಂದ ತೊಡಗಲೆಂದು ನನ್ನ ಆಸೆ. ಮಂಡ್ಯದ ಸಕ್ಕರೆ, ಇಳಕಲ್ಲಿನ ಮಗ್ಗ, ಕೆರೆಯ ತೂಬು, ಕಣದಲ್ಲಿ ತೂರುವ ರಾಗಿ, ಕುರುಬರ ಕಂಬಳಿ, ಇವುಗಳಲ್ಲಿ ಒಂದೊಂದರ ಹುಟ್ಟನ್ನೂ ಬೆಳವಣಿಗೆಯನ್ನೂ ಹತ್ತು ವರ್ಷದ ಚುರುಕು ಮಗುವೊಂದು ತಿಂಗಳುಗಟ್ಟಲೆ ಬೆನ್ನಟ್ಟಬಲ್ಲುದು. ಆ ಮಗುವಿನ ಪಕ್ಕದಲ್ಲಿ ಟಿಪ್ಪಣಿಯ ಪುಸ್ತಕವನ್ನು ಹಿಡಿದು ಕುಳಿತು, ಅದು ಕೇಳಿದ ಪ್ರಶ್ನೆಗಳನ್ನು ಕೇಳಿದ ಕ್ರಮದಲ್ಲಿಯೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಎಂ.ಎಡ್. ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಪ್ರಬಂಧಕ್ಕೆ ಸಾಕಾದ ಕೆಲಸ.