ಜಪಾನಿನ ಬೆಟ್ಟ, ಲೇಗೋಸಿನ ಕುಣಿತ

ನೈಜೀರಿಯಾದ ಯೊರುಬಾ ಜನ ಮದುವೆ, ನಾಮಕರಣಗಳಲ್ಲಿ ಕುಣಿಯುವ ಒಂದು ಸಂಗೀತಕ್ಕೆ ‘ಫುಜಿ’ ಎಂದು ಹೆಸರು. ಚರ್ಮವಾದ್ಯಗಳದೇ ಅಲ್ಲಿ ದರ್ಬಾರು. ಹಗ್ಗ ಬಿಗಿದು ಸಡಿಲಿಸಿ ಯೊರುಬಾ ಮಾತಿನ ಏರಿಳಿತವನ್ನೇ ನುಡಿಸುವ ಡೋಲು, ಮುಂದೆ ಒಬ್ಬ ಗಾಯಕ, ಹಿಂದೆ ಹಿಮ್ಮೇಳ. ಕುಣಿಯುತ್ತ ಬಂದವರು ಗಾಯಕನ ಹಣೆಗೆ ನೋಟು ಅಂಟಿಸುತ್ತಾರೆ. ಹೆಸರು ಕೇಳಿದರೆ ಜಪಾನಿನ ಬೆಟ್ಟ ನೆನಪಾಗುವುದು ಸಹಜ. ಸಂಬಂಧ ನಿಜವಾಗಿಯೂ ಇದೆ.

ಈ ಪ್ರಕಾರಕ್ಕೆ ರೂಪ ಕೊಟ್ಟವರು ಸಿಕಿರು ಅಯಿಂಡೆ ಬ್ಯಾರಿಸ್ಟರ್ (1948–2010). ವಿಮಾನ ನಿಲ್ದಾಣವೊಂದರಲ್ಲಿ ಫುಜಿ ಪರ್ವತದ ಭಿತ್ತಿಪತ್ರ ಕಂಡು ಈ ಹೆಸರು ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದರು. ಕೆಲವರು ಇದನ್ನು ಒಪ್ಪದೆ ಯೊರುಬಾದ ‘ಫಾಜಿ’ಯತ್ತ ಕೈ ತೋರುತ್ತಾರೆ. ಫಾಜಿ ಎಂದರೆ ಬಿಡುವು, ಮೋಜು. ಎರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ ಅನಿಸುತ್ತದೆ. ಹೊರಗಿನ ಹೆಸರು ಇಷ್ಟು ಬೇಗ ನಾಲಿಗೆಗೆ ಒಗ್ಗಿದ್ದರೆ, ಅದಕ್ಕೆ ಹತ್ತಿರದ ಸದ್ದೊಂದು ಅಲ್ಲಿ ಮೊದಲೇ ಮನೆ ಮಾಡಿದ್ದೂ ಕಾರಣವಿರಬಹುದು.

ಇನ್ನು ಜಪಾನಿಗೆ ಹೋದರೆ ಅಲ್ಲೂ ಜಗಳ ತೀರಿಲ್ಲ. ಬಿದಿರು ಕಡಿಯುವವನ ಪ್ರಾಚೀನ ಕಥೆಯಲ್ಲಿ ಚಕ್ರವರ್ತಿ ಅಮರತ್ವದ ಮದ್ದನ್ನು ಈ ಬೆಟ್ಟದ ನೆತ್ತಿಯಲ್ಲಿ ಸುಡಿಸುತ್ತಾನೆ. ಸಾವಿಲ್ಲದ್ದು ಎಂಬರ್ಥದ ‘ಫುಶಿ’ಯಿಂದ ಫುಜಿ ಬಂತೆಂಬ ಮಾತು ಅಲ್ಲಿಂದ ಹುಟ್ಟಿತು. ಪಂಡಿತರು ಅದನ್ನು ಜನಪದ ನಿರುಕ್ತಿಯೆಂದು ಬದಿಗಿಡುತ್ತಾರೆ.

ಹೆಸರಿನ ಕುಲ ಹೀಗೆ ಪೂರ್ವಕ್ಕೆ ಓಡಿದರೆ, ತಾಳದ ಕುಲ ಊರಲ್ಲೇ ಇದೆ. ರಂಜಾನ್ ತಿಂಗಳ ನಸುಕಿಗೂ ಮೊದಲು ಹುಡುಗರ ತಂಡಗಳು ಬೀದಿ ಬೀದಿ ಬಾರಿಸುತ್ತ, ಉಪವಾಸದವರನ್ನು ಊಟಕ್ಕೆ ಎಬ್ಬಿಸುತ್ತಿದ್ದವು. ಆ ಹಾಡಿಕೆಗೆ ‘ವೆರೆ’ ಎಂದೂ ‘ಅಜಿಸಾರಿ’ ಎಂದೂ ಹೆಸರು. ‘ಜಿ’ ಎಂದರೆ ಏಳು, ‘ಸಾರಿ’ ಎಂದರೆ ನಸುಕಿನ ಊಟ. ನಮ್ಮ ಊರುಗಳಲ್ಲಿ ರಂಜಾನಿನಲ್ಲಿ ಕೇಳುವ ‘ಸಹರಿ’ಗೂ ಅದೇ ಅರಬ್ಬಿ ಬೇರು. ಹುಡುಗನಾಗಿದ್ದಾಗ ಬ್ಯಾರಿಸ್ಟರ್ ಹಾಡಿದ್ದು ಇದನ್ನೇ. ಮುಂದೆ ಅದಕ್ಕೆ ಸಕಾರಾ, ಅಪಾಲಾ ಎಂಬ ಯೊರುಬಾ ಸಂಗೀತ ಪ್ರಕಾರಗಳ ಲಯ ಬೆರೆಸಿ ವರ್ಷವಿಡೀ ನಡೆಯುವ ಕೂಟಗಳಿಗೆ ಒಯ್ದರು. ರಂಜಾನಿಗೆ ಮೀಸಲಾಗಿದ್ದ ಹೆಸರು ಆಗ ಸಾಲದೆ ಹೋಯಿತು. ಯಾವ ತಿಂಗಳಿಗೂ, ಯಾವ ಮತಕ್ಕೂ ಅಂಟದ ಪದ ಬೇಕಾಯಿತು. ಅರ್ಥದ ಹೊರೆಯಿಲ್ಲದ ಪರದೇಶಿ ಬೆಟ್ಟ ಅನುಕೂಲಕ್ಕೆ ಒದಗಿತು.

1980ರ ದಶಕದಲ್ಲಿ ಈ ಪದಕ್ಕೆ ಸಮಾಸಗಳೂ ಹುಟ್ಟಿದವು. ಬ್ಯಾರಿಸ್ಟರರದು ‘ಫುಜಿ ಗಾರ್ಬೇಜ್’, ಶಿಷ್ಯ ವಾಸಿಯು ಅಯಿಂಡೆಯದು ‘ತಲಾಝೊ ಫುಜಿ’. ಇಂದು ಅಸಾಕೆಯಂಥ ಹೊಸ ಗಾಯಕರ ಆಫ್ರೋಬೀಟ್ಸ್‌ನಲ್ಲಿ ಕಂಠ ನಡುಗಿಸುವ ಆ ಹಳೆಯ ವರಸೆ ಕೇಳಿದೊಡನೆ ಲೇಗೋಸಿನವರು ‘ಇದು ಫುಜಿ’ ಎನ್ನುತ್ತಾರೆ. ಒಂದು ಪ್ರಕಾರದ ಹೆಸರಾಗಿದ್ದದ್ದು ಈಗ ಹಾಡುವ ಬಗೆಗೂ ಹೆಸರಾಗಿದೆ.