ಹದಿಹರೆಯದ ಮನೋವಿಕೃತಿಯುಕ್ತ ಖಿನ್ನತೆ: ಚಿಕಿತ್ಸೆ ನಡೆದುಬಂದ ದಾರಿ

ಖಿನ್ನತೆ ತೀವ್ರವಾಗಿ, ಅದರೊಂದಿಗೆ ವಾಸ್ತವದ ಅರಿವೂ ತಪ್ಪಿದಾಗ ಅದನ್ನು ಮನೋವಿಕೃತಿಯುಕ್ತ ಖಿನ್ನತೆ ಎನ್ನುತ್ತಾರೆ. ಅರಿವು ತಪ್ಪುವುದರಲ್ಲಿ ಎರಡು ಬಗೆ: ಯಾವ ಪುರಾವೆಗೂ ಜಗ್ಗದ ಸುಳ್ಳು ನಂಬಿಕೆ, ಅಂದರೆ ಭ್ರಮೆ, ಯಾರೂ ಆಡದ ಮಾತು ಕಿವಿಗೆ ಬೀಳುವಂಥ ಇಂದ್ರಿಯಭ್ರಾಂತಿ. ಇವುಗಳ ಹೂರಣ ಬಹುಮಟ್ಟಿಗೆ ಪಾಪ, ದಂಡನೆ, ಸರ್ವನಾಶಗಳೇ ಆಗಿದ್ದು ಖಿನ್ನ ಮನಸ್ಸಿಗೆ ಹೊಂದುವುದರಿಂದ ‘ಭಾವಾನುಗುಣ’ ಎಂಬ ವಿಶೇಷಣ ಸೇರಿತು: ತನ್ನಿಂದಲೇ ಮನೆ ಹಾಳಾಯಿತೆಂದು ಹುಡುಗಿ ನಂಬುತ್ತಾಳೆ, ಸಾಯಿ ಎನ್ನುವ ದನಿ ಹುಡುಗನಿಗೆ ಕೇಳಿಸುತ್ತದೆ. ಮನೆಯವರಿಗೆ ಅದು ಗಾಳಿ ಸೋಕಿದಂತೆಯೋ ಪರೀಕ್ಷೆಯ ಭಯದಂತೆಯೋ ಕಾಣಬಹುದು. ಮಕ್ಕಳಂತೂ ದನಿಯ ಸಂಗತಿಯನ್ನು ತಾವಾಗಿ ಬಾಯಿಬಿಡುವುದು ಕಡಮೆ.

ಎಳೆಯರಿಗೆ ಖಿನ್ನತೆ ಬರಬಲ್ಲದೆಂದು ಒಪ್ಪಲಿಕ್ಕೇ ವೈದ್ಯಕೀಯಕ್ಕೆ ಬಹುಕಾಲ ಹಿಡಿಯಿತು. ತನ್ನನ್ನು ತಾನೇ ಹಳಿದುಕೊಳ್ಳುವ ಅಂತಸ್ಸಾಕ್ಷಿ ಮಕ್ಕಳಲ್ಲಿ ಇನ್ನೂ ಬಲಿತಿರುವುದಿಲ್ಲವೆಂಬ ಮನೋವಿಶ್ಲೇಷಣಾ ಪಂಥದ ವಾದ 1960ರ ದಶಕದವರೆಗೂ ಪ್ರಬಲವಾಗಿದ್ದು, 1971ರಲ್ಲಿ ಯುರೋಪಿನ ಮಕ್ಕಳ ಮನೋವೈದ್ಯರು ಸ್ಟಾಕ್‌ಹೋಮ್‌ನಲ್ಲಿ ಸೇರಿ ಬಾಲ್ಯದ ಖಿನ್ನತೆಯನ್ನೇ ಚರ್ಚಿಸಿದ ಮೇಲೆ ಸಡಿಲಗೊಂಡಿತು. 1982ರಲ್ಲಿ ಅಮೆರಿಕದ ಮೈಕೆಲ್ ಸ್ಟ್ರೋಬರ್ ಮತ್ತು ಗೇಬ್ರಿಯೆಲ್ ಕಾರ್ಲ್‌ಸನ್, ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 60 ಹದಿಹರೆಯದವರನ್ನು ಮೂರು-ನಾಲ್ಕು ವರ್ಷ ಗಮನಿಸಿ, ಐವರಲ್ಲಿ ಒಬ್ಬರಿಗೆ ಮುಂದೆ ಉನ್ಮಾದ, ಅಂದರೆ ಖಿನ್ನತೆಗೆ ತದ್ವಿರುದ್ಧವಾದ ಅತಿ ಉತ್ಸಾಹದ ಸ್ಥಿತಿ, ಬಂದುದನ್ನೂ, ಅದನ್ನು ಮುನ್ಸೂಚಿಸಿದ ಗುರುತುಗಳಲ್ಲಿ ಭಾವಾನುಗುಣ ಮನೋವಿಕೃತಿಯೂ ಒಂದೆಂಬುದನ್ನೂ ತೋರಿಸಿದರು. ಈ ಕ್ಷೇತ್ರದಲ್ಲಿ ಹದಿಹರೆಯದವರಿಂದಲೇ ಕಲಿತ ಪಾಠಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೇ ಅತ್ಯಂತ ಬೆಲೆಬಾಳುವುದು. ಖಿನ್ನತೆ ಕಳೆಯುವ ಮಾತ್ರೆಯೇ ಉನ್ಮಾದವನ್ನು ಕೆರಳಿಸಬಲ್ಲದಾದ್ದರಿಂದ, ವಂಶದಲ್ಲಿ ಯಾರಿಗಾದರೂ ಉನ್ಮಾದ ಬಂದಿತ್ತೇ ಎಂದು ವೈದ್ಯರು ಕೆದಕಿ ಕೇಳುವುದರ ಹಿಂದೆ ಈ ಪಾಠವಿದೆ.

ಉಳಿದುದೆಲ್ಲ ವಯಸ್ಕರಿಂದ ತಂದ ಸಾಲ. ಭ್ರಮೆಯುಳ್ಳ ಖಿನ್ನರಿಗೆ ಇಮಿಪ್ರಮಿನ್ ಎಂಬ ಖಿನ್ನತೆಯ ಮದ್ದು ಅಷ್ಟಾಗಿ ನಾಟುವುದಿಲ್ಲವೆಂದು ಅಲೆಕ್ಸಾಂಡರ್ ಗ್ಲಾಸ್‌ಮನ್ ಮತ್ತು ಸಂಗಡಿಗರು 1975ರಲ್ಲಿ ಹೇಳಿದರು. ಖಿನ್ನತೆಯ ಮದ್ದು ಮತ್ತು ಮನೋವಿಕೃತಿಯ ಮದ್ದುಗಳನ್ನು ಜೊತೆಯಾಗಿ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಗುಣ ಹೆಚ್ಚೆಂಬುದು 1985ರಲ್ಲಿ ಗೊತ್ತಾಯಿತು. 2009ರಲ್ಲಿ ಪ್ರಕಟವಾದ, 259 ಜನರ ಅಮೆರಿಕ-ಕೆನಡಾ ಅಧ್ಯಯನ ಮನೋವಿಕೃತಿಯ ಮದ್ದಾದ ಒಲಾಂಜಪಿನ್ ಮತ್ತು ಖಿನ್ನತೆಯ ಮದ್ದಾದ ಸರ್ಟ್ರಲಿನ್ ಜೋಡಿಗೆ ಮೇಲುಗೈಯನ್ನು ಕೊಟ್ಟಿತು. ಅದರ ಮುಂದುವರಿಕೆಯಾದ 2019ರ ಅಧ್ಯಯನದಲ್ಲಿ, ಚೇತರಿಸಿಕೊಂಡವರಿಗೆ ಒಲಾಂಜಪಿನ್ ನಿಲ್ಲಿಸಿದಾಗ ಶೇ. 54.8 ಮಂದಿಗೂ ಮುಂದುವರಿಸಿದಾಗ ಶೇ. 20.3 ಮಂದಿಗೂ ಕಾಯಿಲೆ ಮರುಕಳಿಸಿತು. ಇವೆರಡರಲ್ಲೂ ಹದಿನೆಂಟು ತುಂಬದವರಿಗೆ ಪ್ರವೇಶವಿರಲಿಲ್ಲ. ಇತ್ತ, 12ರಿಂದ 17 ವರ್ಷದ 439 ಖಿನ್ನರನ್ನು ಒಳಗೊಂಡು ಖಿನ್ನತೆಯ ಮದ್ದಾದ ಫ್ಲೂಆಕ್ಸೆಟಿನ್ ಮತ್ತು ಆಲೋಚನಾಕ್ರಮವನ್ನು ತಿದ್ದುವ ಮಾತಿನ ಚಿಕಿತ್ಸೆಗಳನ್ನು ಒರೆಗೆ ಹಚ್ಚಿದ 2004ರ ಹೆಸರಾಂತ ಅಧ್ಯಯನ ಮನೋವಿಕೃತಿಯಿದ್ದವರನ್ನು ಹೊರಗಿಟ್ಟಿತ್ತು. ಒಂದು ಬಾಗಿಲಿನಲ್ಲಿ ವಯಸ್ಸು ಅಡ್ಡಬಂದರೆ ಇನ್ನೊಂದರಲ್ಲಿ ಕಾಯಿಲೆಯೇ ಅಡ್ಡಬಂದಿತು.

ಬೆಂಗಳೂರಿನ ಪಾತ್ರ ಎದ್ದುಕಾಣುವುದು ಜನ ‘ಕರೆಂಟ್ ಕೊಡುವುದು’ ಎನ್ನುವ ಇ.ಸಿ.ಟಿ.ಯಲ್ಲಿ, ಅಂದರೆ ಮಿದುಳಿಗೆ ಅಳತೆಯ ವಿದ್ಯುತ್ ಹಾಯಿಸಿ ಚಿಕ್ಕ ಸೆಳವು ಬರಿಸುವ ಚಿಕಿತ್ಸೆಯಲ್ಲಿ. 1847ರ ಹುಚ್ಚಾಸ್ಪತ್ರೆಯಿಂದ ಬೆಳೆದು 1974ರಲ್ಲಿ ಈಗಿನ ರೂಪ ತಳೆದ ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ್, ಆರ್.ಎಲ್. ಕಪೂರ್ ಮತ್ತು ಕಲ್ಯಾಣಸುಂದರಂ ಇದನ್ನು ಇಮಿಪ್ರಮಿನ್‌ಗೆ ಎದುರಾಗಿಟ್ಟು, ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಪರೀಕ್ಷಕರಿಗೂ ತಿಳಿಯದಂತೆ ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಮನೋವಿಕೃತಿಯುಕ್ತ ಖಿನ್ನತೆಗೆ ಇ.ಸಿ.ಟಿ.ಯಷ್ಟು ಬೇಗ ಫಲಿಸುವ ಚಿಕಿತ್ಸೆ ವಿರಳವಾದರೂ, 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಮು ಅರಿವಳಿಕೆಯಿಲ್ಲದ ಇ.ಸಿ.ಟಿ.ಯನ್ನು ಎಲ್ಲರಿಗೂ ನಿಷೇಧಿಸಿತಲ್ಲದೆ, ಅಪ್ರಾಪ್ತರಿಗೆ ಅಗತ್ಯವೆಂದು ವೈದ್ಯರಿಗೆ ಕಂಡರೂ ಪೋಷಕರ ಒಪ್ಪಿಗೆಯ ಜೊತೆಗೆ ಪುನರ್ವಿಮರ್ಶಾ ಮಂಡಳಿಯ ಪೂರ್ವಾನುಮತಿಯೂ ಬೇಕೆಂದಿತು. ದುರುಪಯೋಗದ ಇತಿಹಾಸ ಬಲ್ಲವರಿಗೆ ಈ ಬಿಗಿ ಅರ್ಥವಾಗುವಂಥದೇ. ಆದರೆ ಅನ್ನ-ನೀರು ಬಿಟ್ಟು ಮಲಗಿದ ಮಗುವಿನ ಪಾಲಿಗೆ ಅನುಮತಿಗಾಗಿ ಕಾಯುವ ಒಂದೊಂದು ದಿನವೂ ದೊಡ್ಡದು.

ಹೆಬ್ಬಾಳದಾಚೆಯ ಸಹಕಾರನಗರದಂಥ ಬಡಾವಣೆಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಊರಿನ ಇನ್ನೊಂದು ಮಗ್ಗುಲಿಗಿದೆ. ತೀವ್ರ ಸ್ಥಿತಿಯಲ್ಲಿ ಆ ದೂರವನ್ನು ಮನೆಯವರು ಹೇಗೋ ಕ್ರಮಿಸುತ್ತಾರೆ; ಕಷ್ಟವಿರುವುದು ಚೇತರಿಕೆಯ ನಂತರದ ತಿಂಗಳುಗಳಲ್ಲಿ, ಹುಡುಗ ಕಾಲೇಜಿಗೆ ಮರಳಿ, ಒಲಾಂಜಪಿನ್‌ನಿಂದ ಮೈತೂಕ ಏರಿ, ಗುಣವಾಯಿತಲ್ಲ ಎಂದು ಮಾತ್ರೆ ಬಿಡುವ ಹೊತ್ತಿನಲ್ಲಿ. ಈ ಬಡಾವಣೆಯ ಮಗ್ಗುಲಲ್ಲೇ ಹಾಯುವ ಹೆದ್ದಾರಿಗೆ ಹೆಸರು ಕೊಟ್ಟ ಬಳ್ಳಾರಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ಮಾನಸಿಕ ರೋಗಿಗಳನ್ನು ನೋಡಿಕೊಳ್ಳಬಲ್ಲರೆಂಬ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಕೈಗೊಂಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತಾಲ್ಲೂಕುಗಳಿಗೆಂದು ರೂಪಿಸಿದ ಆ ಏರ್ಪಾಡು ಮಹಾನಗರದ ಬಡಾವಣೆಗೂ ಸಲ್ಲುವಂಥದು. ಯಾವ ಮದ್ದು, ಎಷ್ಟು ಕಾಲ ಎಂಬುದನ್ನು ಮಕ್ಕಳ ಮನೋವೈದ್ಯರೇ ನಿರ್ಧರಿಸಬೇಕಾದರೂ, ತೂಕ ಮತ್ತು ರಕ್ತದ ಸಕ್ಕರೆ ನೋಡುವುದು, ಮಾತ್ರೆ ತಪ್ಪಿದೆಯೇ, ದನಿ ಮತ್ತೆ ಕೇಳುತ್ತಿದೆಯೇ ಎಂದು ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ವಿಚಾರಿಸುವುದು ಮನೆಗೆ ಹತ್ತಿರದ ವೈದ್ಯರ ಕ್ಲಿನಿಕ್ಕಿನಲ್ಲೇ ಆಗಬಹುದಾದ ಕೆಲಸ.